ಕಥೆಗಿಂತ ಮೊದಲು ತಾರೀಕು ನಿಂತರೆ

ಪ್ರಶ್ನೆ: ಸ್ಟಾರ್ ವಾರ್ಸ್, ಬ್ಯಾಟ್‌ಮ್ಯಾನ್, ಮಾರ್ವೆಲ್ ಸಿನಿಮಾಗಳನ್ನು ನೋಡುತ್ತಲೇ ಬೆಳೆದವನು ನಾನು. ಈಗ ಹೊಸ ಭಾಗ ಬರುತ್ತಿದೆ ಅಂದರೆ ಖುಷಿಗಿಂತ ಭಯವೇ ಜಾಸ್ತಿ. ಅಭಿಮಾನಿಗಳು ಕೇಳಿದ್ದನ್ನು ಕೊಡುವುದಿಲ್ಲ, ನಿರ್ದೇಶಕರನ್ನು ಅರ್ಧದಲ್ಲೇ ಕಳಿಸುತ್ತಾರೆ, ಎಲ್ಲವೂ ದುಡ್ಡಿಗಾಗಿ. ಸ್ಟುಡಿಯೊಗಳು ಲಾಭದ ಆಸೆ ಬಿಟ್ಟು ನಿರ್ದೇಶಕರಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟರೆ ಸರಿಹೋಗುತ್ತಾ? ಅಥವಾ ಅಭಿಮಾನಿಗಳ ಮಾತು ಕೇಳಿದರೆ? ನಮ್ಮ ಕೈಲಿ ಏನಾದರೂ ಇದೆಯಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂವರಿದ್ದಾರೆ. ಲಾಭ ನೋಡುವ ಸ್ಟುಡಿಯೊ, ಕನಸು ಕಾಣುವ ನಿರ್ದೇಶಕ, ಕಾಯುವ ಅಭಿಮಾನಿ. ಮೊದಲನೆಯವರದ್ದು ತಪ್ಪು, ಉಳಿದಿಬ್ಬರದ್ದು ಸರಿ ಎಂಬಂತೆ ನೀವು ಬರೆದಿದ್ದೀರಿ. ಕೋಪ ಅರ್ಥವಾಗುತ್ತದೆ. ಆದರೆ ತಪ್ಪನ್ನು ಬೇರೆ ಕಡೆ ಹುಡುಕಬೇಕು ಅನ್ನುವುದು ನನ್ನ ಅಭಿಪ್ರಾಯ. ದುಡ್ಡು ಮಾಡುವ ಆಸೆ ನೀವು ಪ್ರೀತಿಸಿದ ಮೊದಲ ಭಾಗದಲ್ಲೂ ಇತ್ತು. ಸರಣಿ ಕೆಡುವುದು ಬಹುತೇಕ ಒಂದೇ ಜಾಗದಲ್ಲಿ: ಕಥೆ ಇನ್ನೂ ಯಾರ ತಲೆಯಲ್ಲೂ ಗಟ್ಟಿಯಾಗದಿದ್ದಾಗ ಬಿಡುಗಡೆಯ ದಿನ ನಿಗದಿಯಾಗುತ್ತದೆ. ಆಮೇಲೆ ಏನೇ ಆದರೂ ಆ ದಿನ ಅಲುಗಾಡುವುದಿಲ್ಲ. ಕಥೆ, ನಿರ್ದೇಶಕ, ಸಂಕಲನ ಎಲ್ಲವೂ ಅದರ ಹಿಂದೆ ಓಡಬೇಕಾಗುತ್ತದೆ.

ಇದನ್ನು ಚೆನ್ನಾಗಿ ತೋರಿಸುವ ಒಂದು ಜೋಡಿ ಉದಾಹರಣೆ ಇದೆ. ನಿರ್ದೇಶಕ ಒಬ್ಬನೇ, ಕಾದಂಬರಿಕಾರ ಒಬ್ಬನೇ, ಅಭಿಮಾನಿಗಳೂ ಹೆಚ್ಚುಕಮ್ಮಿ ಅವರೇ. ಪೀಟರ್ ಜಾಕ್ಸನ್ ಮಾಡಿದ ಲಾರ್ಡ್ ಆಫ್ ದಿ ರಿಂಗ್ಸ್ ಮತ್ತು ಹಾಬಿಟ್.

ಲಾರ್ಡ್ ಆಫ್ ದಿ ರಿಂಗ್ಸ್ ತಯಾರಿ ಶುರುವಾದದ್ದು 1997ರಲ್ಲಿ. ಆಗ ಹಣ ಹಾಕಲು ಹೊರಟಿದ್ದ ಕಂಪನಿ ಇಡೀ ಕಥೆಯನ್ನು ಒಂದೇ ಸಿನಿಮಾದಲ್ಲಿ ಮುಗಿಸಿ ಅಂತ ಒತ್ತಾಯಿಸಿತು. ಜಾಕ್ಸನ್ ಅದನ್ನು ನ್ಯೂ ಲೈನ್ ಕಂಪನಿಗೆ ಒಯ್ದರು. ಅದರ ಮುಖ್ಯಸ್ಥ ಬಾಬ್ ಶೇ ಇದು ಮೂರು ಸಿನಿಮಾ ಆಗಬೇಕು ಅಂದರು. ಇದು ಕಲಾಪ್ರೇಮದ ಮಾತು ಮಾತ್ರವಲ್ಲ, ವ್ಯಾಪಾರದ ಮಾತೂ ಹೌದು. ಮೂರು ಸಿನಿಮಾ ಅಂದರೆ ಮೂರು ವರ್ಷ ಟಿಕೆಟ್ ಮಾರಬಹುದು. ಚಿತ್ರೀಕರಣ ಶುರುವಾದದ್ದು 1999ರ ಅಕ್ಟೋಬರ್‌ನಲ್ಲಿ, ಮೊದಲ ಭಾಗ ತೆರೆಗೆ ಬಂದದ್ದು 2001ರ ಡಿಸೆಂಬರ್‌ನಲ್ಲಿ. ಕ್ಯಾಮೆರಾ ತಿರುಗುವ ಮೊದಲೇ ಸುಮಾರು ಎರಡು ವರ್ಷ ಬರೆಯಲು, ಚಿತ್ರ ಬಿಡಿಸಲು, ಊರು ಕಟ್ಟಲು ಸಿಕ್ಕಿತು. ಸೈನಿಕರ ಉಕ್ಕಿನ ಬಲೆಯಂಗಿಗಳಿಗೆ ಪ್ಲಾಸ್ಟಿಕ್ ಪೈಪನ್ನು ಸಣ್ಣ ಬಳೆಗಳಾಗಿ ಕತ್ತರಿಸಿ, ಒಂದೊಂದನ್ನೇ ಕೈಯಲ್ಲಿ ಜೋಡಿಸಿದರು. ಅಂಥ ಬಳೆಗಳು ಒಂದು ಕೋಟಿಗೂ ಜಾಸ್ತಿ. ಮೊದಲ ಭಾಗ ಬಂದ ಮೇಲೂ ಮುಂದಿನ ಭಾಗಗಳಿಗೆ ಬೇಕಾದ ದೃಶ್ಯಗಳನ್ನು ಮತ್ತೆ ಮತ್ತೆ ತೆಗೆಯಲು ನಟರನ್ನು ಕರೆಸಿದರು. ಮೂರನೆಯ ಭಾಗ 11 ಆಸ್ಕರ್ ಗೆದ್ದಿತು, 110 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು.

ಈಗ ಹಾಬಿಟ್ ನೋಡಿ. ಅದನ್ನು ಗಿಯೆರ್ಮೊ ದೆಲ್ ತೋರೊ ಮಾಡಬೇಕಿತ್ತು. ಹಣದ ತೊಂದರೆಯಿಂದ ಕೆಲಸ ಮುಂದಕ್ಕೆ ಹೋಗುತ್ತಲೇ ಇತ್ತು, 2010ರಲ್ಲಿ ಅವರು ಬಿಟ್ಟು ಹೋದರು. ಅದೇ ವರ್ಷ ಜಾಕ್ಸನ್ ನಿರ್ದೇಶಕರ ಕುರ್ಚಿಗೆ ಬಂದರು. 2011ರ ಮಾರ್ಚ್‌ನಲ್ಲಿ ಚಿತ್ರೀಕರಣ ಶುರು. ದೆಲ್ ತೋರೊ ಕಲ್ಪಿಸಿಕೊಂಡ ಸಿನಿಮಾ ಬೇರೆ, ಜಾಕ್ಸನ್ ಮಾಡಬೇಕೆಂದಿದ್ದ ಸಿನಿಮಾ ಬೇರೆ. ಹಳೆಯ ತಯಾರಿ ಕೆಲಸಕ್ಕೆ ಬರಲಿಲ್ಲ, ಹೊಸದಕ್ಕೆ ಸಮಯ ಇರಲಿಲ್ಲ. ಎರಡು ಭಾಗ ಅಂತ ಇದ್ದದ್ದು, ಮೊದಲ ಭಾಗ ತೆರೆಗೆ ಬರಲು ಐದು ತಿಂಗಳು ಬಾಕಿ ಇದ್ದಾಗ, ಅಂದರೆ 2012ರ ಜುಲೈ ಕೊನೆಯಲ್ಲಿ, ಮೂರು ಅಂತ ಬದಲಾಯಿತು. ಮೂಲ ಪುಸ್ತಕ ಸುಮಾರು 300 ಪುಟದ್ದು, ಅದೂ ಮಕ್ಕಳಿಗಾಗಿ ಬರೆದದ್ದು.

ಕೊನೆಯ ಭಾಗದ ಡಿಸ್ಕ್ ಜೊತೆ ಬಂದ ತೆರೆಮರೆಯ ದೃಶ್ಯಗಳಲ್ಲಿ ಜಾಕ್ಸನ್ ಇದನ್ನು ಬಿಚ್ಚಿ ಹೇಳಿದ್ದಾರೆ. ಮುಂದೆ ಏನು ತೆಗೆಯಬೇಕು ಅನ್ನುವುದು ಸರಿಯಾಗಿ ಗೊತ್ತಿಲ್ಲದೆ ಸೆಟ್‌ಗೆ ಹೋಗುತ್ತಿದ್ದ ದಿನಗಳಿದ್ದವು. ಯೋಚಿಸಲು ಒಂದಿಷ್ಟು ಹೊತ್ತು ಸಿಗಲಿ ಅಂತ ಊಟದ ಬಿಡುವನ್ನು ಎಳೆದದ್ದೂ ಉಂಟು. ದೊಡ್ಡ ಯುದ್ಧದ ಚಿತ್ರೀಕರಣವನ್ನು ಕೊನೆಗೆ ನಿಲ್ಲಿಸಿ ಮುಂದಿನ ವರ್ಷಕ್ಕೆ ತಳ್ಳಿದರು, ಏಕೆಂದರೆ ಯುದ್ಧ ಹೇಗೆ ನಡೆಯುತ್ತದೆ ಅನ್ನುವ ನಕ್ಷೆಯೇ ಸಿದ್ಧವಿರಲಿಲ್ಲ. ಆ ದೃಶ್ಯಗಳಲ್ಲಿ ಅವರ ಮುಖ ನೋಡಿದರೆ ಸಂಕಟವಾಗುತ್ತದೆ. ಇದೇ ಮನುಷ್ಯ ಹತ್ತು ವರ್ಷದ ಹಿಂದೆ ಜಗತ್ತನ್ನೇ ಬೆರಗುಗೊಳಿಸಿದ್ದರು. ಪ್ರತಿಭೆ ಎಲ್ಲಿಗೂ ಹೋಗಿರಲಿಲ್ಲ, ಅದಕ್ಕೆ ಬೇಕಾದ ಸಮಯ ಸಿಗಲಿಲ್ಲ ಅಷ್ಟೆ.

ಇಲ್ಲಿ ಒಂದು ಅಹಿತಕರ ಸತ್ಯವನ್ನೂ ಹೇಳಲೇಬೇಕು. ಹಾಬಿಟ್‌ನ ಮೂರೂ ಭಾಗ ಸೇರಿ ಸುಮಾರು 290 ಕೋಟಿ ಡಾಲರ್ ಗಳಿಸಿದವು. ಆತುರಕ್ಕೆ ಶಿಕ್ಷೆ ಆಗಲಿಲ್ಲ. ಆತುರದ ಸಿನಿಮಾ ಸೋಲುತ್ತದೆ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅದು ಗೆಲ್ಲುತ್ತದೆ, ಏಕೆಂದರೆ ಜನ ಟಿಕೆಟ್ ಕೊಳ್ಳುವುದು ಹಿಂದಿನ ಭಾಗದ ಮೇಲಿನ ನಂಬಿಕೆಯಿಂದ. ಆ ನಂಬಿಕೆ ಒಂದೆರಡು ಭಾಗಗಳವರೆಗೆ ಎಳೆದುಕೊಂಡು ಹೋಗುತ್ತದೆ. ಸಾಲ ಕೊನೆಗೆ ಯಾರ ತಲೆಗೆ ಬರುತ್ತದೆ ಅನ್ನುವುದೇ ಪ್ರಶ್ನೆ.

ಹಾಗಾದರೆ ದಿನವನ್ನು ಅಷ್ಟು ಮುಂಚೆ ಗೊತ್ತುಮಾಡುವುದು ಯಾಕೆ? ಇದಕ್ಕೆ ವ್ಯಾಪಾರದ ಒಳಗಿನ ಲೆಕ್ಕ ತಿಳಿಯಬೇಕು. ಟಿಕೆಟ್ ಹಣದಲ್ಲಿ ಸುಮಾರು ಅರ್ಧ ಚಿತ್ರಮಂದಿರದವರಿಗೆ ಹೋಗುತ್ತದೆ. ಚೀನಾದಲ್ಲಿ ವಿದೇಶಿ ಸ್ಟುಡಿಯೊ ಕೈಗೆ ಬರುವುದು ಕಾಲುಭಾಗ ಮಾತ್ರ. ಪ್ರಚಾರದ ಖರ್ಚು ಬೇರೆ. ಅದಕ್ಕೇ 20 ಕೋಟಿ ಡಾಲರ್ ಹಾಕಿದ ಸಿನಿಮಾ 50 ಕೋಟಿಯಷ್ಟಾದರೂ ಗಳಿಸದಿದ್ದರೆ ಚಿತ್ರಮಂದಿರದಿಂದ ಅಸಲು ಹುಟ್ಟುವುದು ಕಷ್ಟ ಅಂತ ಆ ರಂಗದವರು ಅಂದಾಜು ಹಾಕುತ್ತಾರೆ. ಇಷ್ಟು ದೊಡ್ಡ ಮೊತ್ತ ಬರಬೇಕಾದರೆ ರಜೆಯ ವಾರ ಬೇಕು, ದೊಡ್ಡ ಪರದೆಗಳು ಬೇಕು, ಎದುರಾಳಿ ಸಿನಿಮಾ ಇರಬಾರದು. ಅಂಥ ವಾರಗಳು ವರ್ಷಕ್ಕೆ ಕೆಲವೇ. ಅವನ್ನು ಎಲ್ಲರಿಗಿಂತ ಮೊದಲು ಹಿಡಿದುಕೊಳ್ಳಬೇಕು. ಆಟಿಕೆ ತಯಾರಿಸುವವರು, ಜಾಹೀರಾತಿನ ಪಾಲುದಾರರು ಎಲ್ಲರಿಗೂ ಬಹಳ ಮುಂಚೆಯೇ ದಿನ ಹೇಳಬೇಕು. ಇದರ ಮೇಲೆ ಷೇರುದಾರರು. ಮುಂದಿನ ಐದು ವರ್ಷ ನಿಮ್ಮ ಬಳಿ ಏನೇನಿದೆ ಅಂತ ಅವರು ಕೇಳುತ್ತಾರೆ. ಉತ್ತರವಾಗಿ ಒಂದು ಪಟ್ಟಿ ಬರುತ್ತದೆ. ವಾರ್ನರ್ ಬ್ರದರ್ಸ್ 2014ರ ಅಕ್ಟೋಬರ್‌ನಲ್ಲಿ 2020ರವರೆಗಿನ ಹತ್ತು ಡಿಸಿ (ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಇರುವ ಕಾಮಿಕ್ಸ್ ಬಳಗ) ಸಿನಿಮಾಗಳನ್ನು ಒಟ್ಟಿಗೆ ಘೋಷಿಸಿತು. ಎಷ್ಟೋ ಹೆಸರುಗಳಿಗೆ ಆಗ ಕಥೆಯೇ ಇರಲಿಲ್ಲ. ಆ ಪಟ್ಟಿಯಲ್ಲಿ ಕೆಲವು ಇವತ್ತಿಗೂ ಬಂದಿಲ್ಲ.

ಆಟಿಕೆಯ ವಿಷಯ ಬಂತಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1989ರ ಬ್ಯಾಟ್‌ಮ್ಯಾನ್ 41 ಕೋಟಿ ಡಾಲರ್ ಗಳಿಸಿತು. ಟಿಮ್ ಬರ್ಟನ್ ಅವರೇ ಮಾಡಿದ 1992ರ ಎರಡನೆಯ ಭಾಗ ತುಂಬ ಕತ್ತಲೆಯ, ವಿಚಿತ್ರ, ಸುಂದರ ಸಿನಿಮಾ. ಅದು 27 ಕೋಟಿಗೆ ನಿಂತಿತು. ಮಕ್ಕಳ ಊಟದ ಪೊಟ್ಟಣದ ಜೊತೆ ಆ ಸಿನಿಮಾದ ಆಟಿಕೆ ಕೊಟ್ಟದ್ದಕ್ಕೆ ಅಮೆರಿಕದ ತಂದೆತಾಯಂದಿರು ಸಿಟ್ಟಾದರು. ಮುಂದಿನ ಭಾಗಕ್ಕೆ ನಿರ್ದೇಶಕ ಬದಲಾದರು, ಬಣ್ಣ ಬದಲಾಯಿತು. 1997ರ ನಾಲ್ಕನೆಯ ಭಾಗದ ಹೊತ್ತಿಗೆ ಆಟಿಕೆಯಾಗಿ ಮಾರಲು ಆಗುವಂಥ ವಾಹನ, ವೇಷ, ಆಯುಧಗಳನ್ನೇ ತುಂಬಬೇಕೆಂಬ ಒತ್ತಡ ಇತ್ತು ಅಂತ ನಿರ್ದೇಶಕ ಜೋಯೆಲ್ ಶೂಮಾಕರ್ ಮುಂದೆ ಹೇಳಿಕೊಂಡರು. ಸಿನಿಮಾ ಬಿದ್ದಿತು. ಬ್ಯಾಟ್‌ಮ್ಯಾನ್ ಮತ್ತೆ ತೆರೆಗೆ ಬರಲು ಎಂಟು ವರ್ಷ ಬೇಕಾಯಿತು. ಐರನ್ ಮ್ಯಾನ್ 3 ನಿರ್ದೇಶಿಸಿದ ಶೇನ್ ಬ್ಲ್ಯಾಕ್ 2016ರಲ್ಲಿ ಇನ್ನೊಂದು ವಿಷಯ ಹೇಳಿದರು. ಮೊದಲ ಬರವಣಿಗೆಯಲ್ಲಿ ಖಳ ಪಾತ್ರ ಹೆಂಗಸಿನದ್ದಾಗಿತ್ತು. ಹೆಣ್ಣು ಗೊಂಬೆ ಅಷ್ಟು ಮಾರಾಟವಾಗುವುದಿಲ್ಲ ಅಂತ ಮೇಲಿನಿಂದ ಮಾತು ಬಂತು, ಖಳ ಗಂಡಸಾದ. ಕಥೆಗೂ ಈ ನಿರ್ಧಾರಕ್ಕೂ ಯಾವ ಸಂಬಂಧವೂ ಇಲ್ಲ, ಅಲ್ವಾ?

ಆದರೂ ಲಾಭವನ್ನೇ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಕಾರಣ ಸ್ಟಾರ್ ವಾರ್ಸ್‌ನ ಹುಟ್ಟಿನಲ್ಲೇ ಇದೆ. ಮೊದಲ ಸಿನಿಮಾಕ್ಕೆ ಜಾರ್ಜ್ ಲ್ಯೂಕಸ್ ನಿರ್ದೇಶಕರಾಗಿ ಪಡೆದದ್ದು ಒಂದೂವರೆ ಲಕ್ಷ ಡಾಲರ್. ಜಾಸ್ತಿ ಸಂಬಳಕ್ಕೆ ಜಗ್ಗಾಡದೆ ಅವರು ಆಟಿಕೆ ಮುಂತಾದ ಸರಕುಗಳ ಹಕ್ಕನ್ನೂ ಮುಂದಿನ ಭಾಗಗಳ ಹಕ್ಕನ್ನೂ ಇಟ್ಟುಕೊಂಡರು. 1977ರಲ್ಲಿ ಸಿನಿಮಾ ಬರುವ ಮೊದಲು ಆ ಹಕ್ಕುಗಳಿಗೆ ಬೆಲೆ ಇದೆ ಅಂತ ಸ್ಟುಡಿಯೊಗೆ ಅನಿಸಿರಲಿಲ್ಲ. ಆ ಹಣದ ಬಲದಿಂದಲೇ 1980ರ ಎರಡನೆಯ ಭಾಗಕ್ಕೆ ಅವರು ತಮ್ಮದೇ ದುಡ್ಡು, ಬ್ಯಾಂಕ್ ಸಾಲ ಹಾಕಿದರು. ಸ್ಟುಡಿಯೊ ಕಥೆಯಲ್ಲಿ ಕೈಯಾಡಿಸಲು ಆಗಲಿಲ್ಲ. ನಾಯಕ ಸೋತು, ಕೈ ಕಳೆದುಕೊಂಡು, ಗೆಳೆಯ ಸೆರೆಯಾಗಿ ಮುಗಿಯುವ ಸಿನಿಮಾ ಅದು. ದುಡ್ಡಿನ ಲೆಕ್ಕ ಮಾತ್ರ ನೋಡುವ ಯಾರೂ ಅಂಥ ಮುಕ್ತಾಯಕ್ಕೆ ಒಪ್ಪುತ್ತಿರಲಿಲ್ಲ. ಅಂದರೆ ಅಲ್ಲಿ ಸ್ವಾತಂತ್ರ್ಯವನ್ನು ಕೊಂಡುಕೊಟ್ಟದ್ದೇ ಲಾಭ.

ಇನ್ನು ನಿರ್ದೇಶಕರಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟರೆ ಅನ್ನುವ ಪ್ರಶ್ನೆ. ಅದಕ್ಕೂ ಉತ್ತರ ಇದೇ ಮನುಷ್ಯನ ಹತ್ತಿರ ಇದೆ. 1999ರಿಂದ 2005ರವರೆಗೆ ಲ್ಯೂಕಸ್ ಸ್ಟಾರ್ ವಾರ್ಸ್‌ನ ಇನ್ನೂ ಮೂರು ಸಿನಿಮಾ ಮಾಡಿದರು. ಹಣ ಅವರದ್ದೇ, ಕಥೆ ಅವರದ್ದೇ, ಬೇಡ ಅನ್ನುವವರು ಒಬ್ಬರೂ ಇಲ್ಲ. ಹಳೆಯ ಅಭಿಮಾನಿಗಳು ಅಷ್ಟು ನಿರಾಸೆಪಟ್ಟದ್ದು ಬೇರೆ ಯಾವಾಗಲೂ ಇಲ್ಲ. ನನಗೂ ಆ ಮೂರರಲ್ಲಿ ಮೊದಲೆರಡು ಹಿಡಿಸಲಿಲ್ಲ, ಮಾತುಗಳು ಮರದ ತುಂಡಿನಂತೆ ಒಣ. ಒಬ್ಬ ಒಳ್ಳೆಯ ನಿರ್ಮಾಪಕ ಪಕ್ಕದಲ್ಲಿ ಕೂತು ಈ ಸಾಲು ಬೇಡ ಅಂದಿದ್ದರೆ ಎಷ್ಟು ಚೆನ್ನಾಗಿತ್ತು! ನಿರ್ದೇಶಕನ ಕನಸು ದೊಡ್ಡದು ನಿಜ, ಅದನ್ನು ಪರೀಕ್ಷಿಸುವ ಇನ್ನೊಂದು ಜೊತೆ ಕಣ್ಣು ಬೇಕೇ ಬೇಕು.

ಆದರೆ ಇದಕ್ಕೆ ಮುಂದಿನ ಅಧ್ಯಾಯವೂ ಇದೆ. ಆ ಮೂರು ಸಿನಿಮಾಗಳನ್ನು ಹತ್ತು ವರ್ಷದ ವಯಸ್ಸಿನಲ್ಲಿ ನೋಡಿದವರು ಈಗ ದೊಡ್ಡವರು. ಅವರಿಗೆ ಅವೇ ನಿಜವಾದ ಸ್ಟಾರ್ ವಾರ್ಸ್. ಆಗ ಟೀಕೆಗಳಿಂದ ನೊಂದ ನಟ ಹೇಡನ್ ಕ್ರಿಸ್ಟೆನ್ಸನ್ 2022ರಲ್ಲಿ ಅದೇ ಪಾತ್ರಕ್ಕೆ ಮರಳಿದಾಗ ಸಿಕ್ಕ ಪ್ರೀತಿ ನೋಡಬೇಕಿತ್ತು. ಹಾಗಾದರೆ ಅಭಿಮಾನಿಗಳ ಮಾತು ಕೇಳಿ ಅಂದರೆ ಯಾವ ಅಭಿಮಾನಿಗಳ ಮಾತು? ಯಾವ ವರ್ಷದ ಅಭಿಮಾನಿಗಳದ್ದು?

ಅಭಿಮಾನಿಗಳ ಬಗ್ಗೆ ನಾನು ಕಂಡುಕೊಂಡದ್ದು ಇಷ್ಟು. ಎಲ್ಲಿ ನೋವಾಗುತ್ತಿದೆ ಅಂತ ಅವರು ಹೇಳುವುದು ಹೆಚ್ಚುಕಡಿಮೆ ಸರಿಯಾಗಿರುತ್ತದೆ. ಅದಕ್ಕೆ ಮದ್ದು ಇದು ಅಂತ ಹೇಳಿದಾಗ ತಪ್ಪುವುದೇ ಜಾಸ್ತಿ. ಬ್ಯಾಟ್‌ಮ್ಯಾನ್ ಪಾತ್ರಕ್ಕೆ ಮೈಕಲ್ ಕೀಟನ್ ಬೇಡ ಅಂತ 1988ರಲ್ಲಿ ಸ್ಟುಡಿಯೊಗೆ ಪ್ರತಿಭಟನೆಯ ಪತ್ರಗಳು ರಾಶಿ ಬಿದ್ದವು. ಜೋಕರ್ ಪಾತ್ರಕ್ಕೆ ಹೀತ್ ಲೆಡ್ಜರ್ ಅಂದಾಗ ಗೊಣಗಿದರು. ಬಾಂಡ್ ಆಗಿ ಡೇನಿಯಲ್ ಕ್ರೇಗ್ ಅಂದಾಗ ಬಹಿಷ್ಕಾರದ ಮಾತಾಡಿದರು. ಮೂರೂ ಈಗ ಆ ಪಾತ್ರಗಳ ಅತ್ಯುತ್ತಮ ಆಯ್ಕೆಗಳ ಸಾಲಿನಲ್ಲಿವೆ. ಅಭಿಮಾನಿಗಳಿಗೆ ಗೊತ್ತಿರುವುದು ಈಗಾಗಲೇ ಇರುವ ಪಾತ್ರ. ಕಲಾವಿದನ ಕೆಲಸ ಇನ್ನೂ ಇಲ್ಲದ್ದನ್ನು ತೋರಿಸುವುದು.

ಇದಕ್ಕೆ ಎದುರಾಗಿ ಸಾನಿಕ್ ಇಟ್ಟು ನೋಡಿ. 2019ರ ಏಪ್ರಿಲ್ ಕೊನೆಯಲ್ಲಿ ಟ್ರೈಲರ್ ಬಂತು. ವಿಡಿಯೊ ಗೇಮ್‌ನ ಆ ನೀಲಿ ಮುಳ್ಳುಹಂದಿಗೆ ಚಿಕ್ಕ ಕಣ್ಣು, ಮನುಷ್ಯರಂಥ ಹಲ್ಲು. ನೋಡಿದವರು ಬೆಚ್ಚಿಬಿದ್ದರು. ಇಲ್ಲಿ ಅಭಿಮಾನಿಗಳು ಕಥೆ ಬದಲಿಸಿ ಅಂತ ಕೇಳಲಿಲ್ಲ. ಇದು ನಮ್ಮ ಸಾನಿಕ್ ಅಲ್ಲ, ಇಷ್ಟೇ ಅಂದರು. ನಿರ್ದೇಶಕ ಜೆಫ್ ಫೌಲರ್ ಕೆಲವೇ ದಿನಗಳಲ್ಲಿ ಬದಲಿಸುತ್ತೇವೆ ಅಂತ ಒಪ್ಪಿಕೊಂಡರು. ಎಲ್ಲಕ್ಕಿಂತ ಮುಖ್ಯವಾದದ್ದು ಆಮೇಲೆ ಆಯಿತು: ಸ್ಟುಡಿಯೊ ಬಿಡುಗಡೆಯನ್ನು 2019ರ ನವೆಂಬರ್‌ನಿಂದ 2020ರ ಫೆಬ್ರವರಿಗೆ ಒಯ್ದಿತು. ಮೂರು ತಿಂಗಳು ಕೊಟ್ಟಿತು. ಸಿನಿಮಾ ಸುಮಾರು 32 ಕೋಟಿ ಡಾಲರ್ ಗಳಿಸಿತು, ಮುಂದಿನ ಭಾಗಗಳೂ ಬಂದವು. ಎಲ್ಲರೂ ಇದನ್ನು ಅಭಿಮಾನಿಗಳ ಗೆಲುವು ಅಂತ ಹೇಳುತ್ತಾರೆ. ನಾನು ಇದನ್ನು ಮುಂದೂಡಿದ ದಿನದ ಗೆಲುವು ಅಂತ ಓದುತ್ತೇನೆ. ಅದೇ ನವೆಂಬರ್‌ಗೆ ಎಲ್ಲ ಬದಲಿಸಿ ಅಂದಿದ್ದರೆ ಆ ಭಾರ ಪೂರ್ತಿ ಬೀಳುತ್ತಿದ್ದದ್ದು ಕಂಪ್ಯೂಟರ್ ಮುಂದೆ ರಾತ್ರಿ ಹಗಲು ಕೂತ ಗ್ರಾಫಿಕ್ಸ್ ಕೆಲಸಗಾರರ ಮೇಲೆ. ಅವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಾರ್ವೆಲ್ ಸ್ಟುಡಿಯೊದ ಗ್ರಾಫಿಕ್ಸ್ ಕೆಲಸಗಾರರು 2023ರ ಸೆಪ್ಟೆಂಬರ್‌ನಲ್ಲಿ ಒಂದೂ ವಿರೋಧದ ಮತವಿಲ್ಲದೆ ಸಂಘ ಕಟ್ಟಲು ಮತ ಹಾಕಿದರು ಅಂದರೆ ಆ ಕೆಲಸದ ಒತ್ತಡ ಊಹಿಸಿಕೊಳ್ಳಿ.

ನೀವು ನಿರ್ದೇಶಕರನ್ನು ಅರ್ಧದಲ್ಲೇ ಕಳಿಸುತ್ತಾರೆ ಅಂದಿರಿ. ಅದು ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಸರಿಯಾದ ದೂರು. ಸ್ಟಾರ್ ವಾರ್ಸ್‌ನ ಇತ್ತೀಚಿನ ಚರಿತ್ರೆಯನ್ನು ದಿನಗಳ ಸಮೇತ ಇಟ್ಟು ನೋಡೋಣ.

2012ರ ಅಕ್ಟೋಬರ್ 30ರಂದು ಡಿಸ್ನಿ ಲ್ಯೂಕಸ್‌ಫಿಲ್ಮ್ ಕಂಪನಿಯನ್ನು ಸುಮಾರು 405 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಅದೇ ಪ್ರಕಟಣೆಯಲ್ಲಿ ಏಳನೆಯ ಭಾಗ 2015ಕ್ಕೆ ಅಂತಲೂ ಹೇಳಿತು. ಲ್ಯೂಕಸ್ ಬರೆದುಕೊಟ್ಟಿದ್ದ ಕಥೆಯ ಎಳೆಗಳನ್ನು ಪಕ್ಕಕ್ಕಿಟ್ಟರು. ಇದರಿಂದ ಲ್ಯೂಕಸ್‌ಗೆ ಬೇಸರವಾಯಿತು ಅಂತ ಆಗ ಡಿಸ್ನಿ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ತಮ್ಮ ಆತ್ಮಕಥನದಲ್ಲೇ ಬರೆದಿದ್ದಾರೆ. ಏಳನೆಯ ಭಾಗ ಬರೆಯುತ್ತಿದ್ದ ಮೈಕಲ್ ಆರ್ಂಟ್ 2013ರ ಅಕ್ಟೋಬರ್‌ನಲ್ಲಿ ಹೊರಗೆ ಬಂದರು. ನಿರ್ದೇಶಕ ಜೆ.ಜೆ. ಏಬ್ರಮ್ಸ್ ಮತ್ತು ಲಾರೆನ್ಸ್ ಕಾಸ್ಡನ್ ಕೂತು ಬರೆದರು. ಮುಂದಿನ ವರ್ಷವೇ ಚಿತ್ರೀಕರಣ. ಸಿನಿಮಾ 200 ಕೋಟಿ ಡಾಲರ್ ದಾಟಿತು. ಎಂಟನೆಯದನ್ನು ರಯಾನ್ ಜಾನ್ಸನ್ ತಮ್ಮ ದಾರಿಯಲ್ಲಿ ಮಾಡಿದರು. ಒಂಬತ್ತನೆಯದನ್ನು ಮಾಡಬೇಕಿದ್ದ ಕಾಲಿನ್ ಟ್ರೆವೊರೊ 2017ರ ಸೆಪ್ಟೆಂಬರ್‌ನಲ್ಲಿ ಬಿಟ್ಟರು. ಮತ್ತೆ ಏಬ್ರಮ್ಸ್ ಬಂದರು. ಬಿಡುಗಡೆಯನ್ನು 2019ರ ಮೇಯಿಂದ ಡಿಸೆಂಬರ್‌ಗೆ ತಳ್ಳಿದರು, ಅದಕ್ಕಿಂತ ಮುಂದಕ್ಕೆ ಇಲ್ಲ. ಈ ನಡುವೆ ನಟಿ ಕ್ಯಾರಿ ಫಿಷರ್ ತೀರಿಕೊಂಡಿದ್ದರು, ಅವರ ಹಳೆಯ ದೃಶ್ಯಗಳ ತುಣುಕುಗಳಿಂದ ಪಾತ್ರ ಕಟ್ಟಬೇಕಿತ್ತು. ಏಳನೆಯ ಭಾಗಕ್ಕೆ ಹೋಲಿಸಿದರೆ ಮೂರು ತಿಂಗಳು ಕಡಿಮೆ ಸಿಕ್ಕಿತು ಅಂತ ಎರಡನ್ನೂ ಸಂಕಲನ ಮಾಡಿದ ಮೇರಿಯನ್ ಬ್ರ್ಯಾಂಡನ್ ಹೇಳಿದ್ದಾರೆ.

ಮೂರು ಸಿನಿಮಾಗಳ ಒಂದೇ ಕಥೆಗೆ ಒಂದೇ ಯೋಜನೆ ಇರಲಿಲ್ಲ. ಯೋಜನೆ ಇರುವುದು ಎಷ್ಟು ಮುಖ್ಯ ಅಂತ ಕಲಿತೆ ಅನ್ನುವ ಅರ್ಥದ ಮಾತನ್ನು ಏಬ್ರಮ್ಸ್ ಅವರೇ 2021ರಲ್ಲಿ ಆಡಿದರು. ಎಂಟನೆಯ ಭಾಗ ಕೇಳಿದ ಪ್ರಶ್ನೆಗಳನ್ನು ಒಂಬತ್ತನೆಯದು ಅಳಿಸುತ್ತಾ ಹೋಯಿತು. ಆ ಎಂಟನೆಯ ಭಾಗ ನನಗೆ ಇಷ್ಟ. ಇಷ್ಟವಾಗದವರ ವಾದವೂ ನನಗೆ ಅರ್ಥವಾಗುತ್ತದೆ. ಆದರೆ ಅದರಲ್ಲಿ ರೋಸ್ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ಮೇಲೆ ಕೆಲವರು ಹರಿಯಬಿಟ್ಟ ಜನಾಂಗದ್ವೇಷದ, ಹೆಣ್ಣುದ್ವೇಷದ ಮಾತುಗಳಿಗೆ ಯಾವ ವಾದವೂ ಇಲ್ಲ. 2018ರಲ್ಲಿ ಅವರು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದೆಲ್ಲವನ್ನೂ ಅಳಿಸಿದರು. ಮುಂದಿನ ಭಾಗದಲ್ಲಿ ಆ ಪಾತ್ರ ಗುರುತೇ ಸಿಗದಷ್ಟು ಚಿಕ್ಕದಾಯಿತು. ಕಾರಣ ಏನೇ ಇರಲಿ, ಕೂಗಾಡಿದವರಿಗೆ ತಾವು ಗೆದ್ದೆವು ಅನಿಸುವಂತೆ ಆಯಿತು. ಇದು ನನಗೆ ಇವತ್ತಿಗೂ ನೋವಿನ ವಿಷಯ. ಅಷ್ಟೆಲ್ಲ ಮಾಡಿ ಒಂಬತ್ತನೆಯ ಭಾಗ ಗಳಿಸಿದ್ದು 107 ಕೋಟಿ ಡಾಲರ್. ಗಲಾಟೆ ಎಬ್ಬಿಸಿದ ಎಂಟನೆಯದು ಗಳಿಸಿದ್ದು 133 ಕೋಟಿ.

ಇದೇ ಹೊತ್ತಿನಲ್ಲಿ ಹಾನ್ ಸೋಲೊ ಪಾತ್ರದ ಮೇಲೆ ಬೇರೆ ಸಿನಿಮಾ ನಡೆಯುತ್ತಿತ್ತು. ತಿಂಗಳುಗಟ್ಟಲೆ ಚಿತ್ರೀಕರಣ ಆದ ಮೇಲೆ, 2017ರ ಜೂನ್‌ನಲ್ಲಿ ಇಬ್ಬರು ನಿರ್ದೇಶಕರನ್ನು ತೆಗೆದು ರಾನ್ ಹೋವರ್ಡ್ ಅವರನ್ನು ತಂದರು. ಬಹುಪಾಲು ಮತ್ತೆ ತೆಗೆದರು. ಆದರೂ 2018ರ ಮೇ ಅಂದರೆ ಮೇಯೇ. ಎಂಟನೆಯ ಭಾಗ ಬಂದು ಐದೇ ತಿಂಗಳಾಗಿತ್ತು. ಗಳಿಕೆ 39 ಕೋಟಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಐಗರ್ ಒಂದು ಸಂದರ್ಶನದಲ್ಲಿ, ಬಿಡುಗಡೆಯ ವೇಗದ ನಿರ್ಧಾರ ನನ್ನದು, ಸ್ವಲ್ಪ ಜಾಸ್ತಿಯೇ ಆತುರವಾಯಿತು ಅಂತ ಒಪ್ಪಿಕೊಂಡರು. ಅಷ್ಟಾದರೂ ಡಿಸ್ನಿಯದ್ದೇ ಆದ ಮಾರ್ವೆಲ್ ಕಡೆ ಅದೇ ನಡೆಯಿತು. 2019ರ ಎಂಡ್‌ಗೇಮ್ ಸುಮಾರು 280 ಕೋಟಿ ಗಳಿಸಿತ್ತು. ಆಮೇಲೆ ಒಟಿಟಿಯ ಹಸಿವಿಗೆ ಸರಣಿಯ ಮೇಲೆ ಸರಣಿ ಬಂತು. 2023ರ ದಿ ಮಾರ್ವೆಲ್ಸ್ 21 ಕೋಟಿಗೆ ನಿಂತಿತು. 2024ರಲ್ಲಿ ಮತ್ತೆ ಐಗರ್ ಅವರೇ ವರ್ಷಕ್ಕೆ ಎರಡು, ಜಾಸ್ತಿ ಅಂದರೆ ಮೂರು ಸಿನಿಮಾ ಸಾಕು ಅಂದರು.

ವಾರ್ನರ್ ಬ್ರದರ್ಸ್‌ನ ಡಿಸಿ ಸಿನಿಮಾ ಜಸ್ಟಿಸ್ ಲೀಗ್ ಬಗ್ಗೆ ಹೇಳದಿದ್ದರೆ ನೀವೇ ಕೇಳುತ್ತೀರಿ. ಮಗಳ ಸಾವಿನ ನಂತರ 2017ರ ಮೇಯಲ್ಲಿ ನಿರ್ದೇಶಕ ಜ್ಯಾಕ್ ಸ್ನೈಡರ್ ಹೊರಬಂದರು. ಇನ್ನೊಬ್ಬ ನಿರ್ದೇಶಕರು ಮುಗಿಸಿದರು. ಎರಡು ಗಂಟೆಗೆ ಇಳಿಸಿದರು, ನವೆಂಬರ್‌ಗೇ ಬಿಟ್ಟರು. ಸೂಪರ್‌ಮ್ಯಾನ್ ಪಾತ್ರದ ನಟ ಬೇರೊಂದು ಸಿನಿಮಾಕ್ಕಾಗಿ ಮೀಸೆ ಬಿಟ್ಟಿದ್ದರು, ಆ ಸ್ಟುಡಿಯೊ ಬೋಳಿಸಲು ಬಿಡಲಿಲ್ಲ. ಇವರಿಗೋ ಕಾಯಲು ಸಮಯವಿಲ್ಲ. ಕಂಪ್ಯೂಟರಿನಲ್ಲಿ ಮೀಸೆ ಅಳಿಸಿದರು. ಆ ತುಟಿಯನ್ನು ಪರದೆಯ ಮೇಲೆ ನೋಡಿ. ತಾರೀಕು ಒಂದು ಸಿನಿಮಾಕ್ಕೆ ಏನು ಮಾಡುತ್ತದೆ ಅನ್ನುವುದು ಅಷ್ಟರಲ್ಲೇ ಕಾಣುತ್ತದೆ.

ಅಭಿಮಾನಿಗಳು ಸ್ನೈಡರ್ ಮಾಡಿದ ಆವೃತ್ತಿ ಬೇಕು ಅಂತ ವರ್ಷಗಟ್ಟಲೆ ಪಟ್ಟುಹಿಡಿದರು. ಅವರಲ್ಲಿ ಬಹಳ ಜನ ಆತ್ಮಹತ್ಯೆ ತಡೆಯುವ ಸಂಸ್ಥೆಗೆ ಹಣ ಕೂಡಿಸಿಕೊಟ್ಟರು, ಅದು ದೊಡ್ಡ ಮನಸ್ಸು. ಕೆಲವರು ಬೆದರಿಕೆ, ಬೈಗುಳಕ್ಕೂ ಇಳಿದರು. 2021ರ ಮಾರ್ಚ್‌ನಲ್ಲಿ ನಾಲ್ಕು ಗಂಟೆಯ ಸಿನಿಮಾ ಬಂತು. ಹಳೆಯದಕ್ಕಿಂತ ಎಷ್ಟೋ ಮೇಲು. ಆದರೆ ಅದು ಬಂದ ಹೊತ್ತು ಗಮನಿಸಿ. ಘೋಷಿಸಿದ್ದು 2020ರ ಮೇ 20ರಂದು. ಅದೇ ಸ್ಟುಡಿಯೊದ ಎಚ್‌ಬಿಒ ಮ್ಯಾಕ್ಸ್ ಶುರುವಾದದ್ದು ಮೇ 27ರಂದು. ಹೊಸ ಒಟಿಟಿಗೆ ಚಂದಾದಾರರು ಬೇಕಿತ್ತು, ಕೊರೊನಾದಿಂದ ಬೇರೆ ಚಿತ್ರೀಕರಣಗಳು ನಿಂತಿದ್ದವು. ಅಭಿಮಾನಿಗಳ ಬೇಡಿಕೆ ಮತ್ತು ವ್ಯಾಪಾರದ ಅಗತ್ಯ ಒಂದೇ ವಾರದಲ್ಲಿ ಭೇಟಿಯಾದವು. ಮುಂದಿನ ಭಾಗವೂ ಬೇಕು ಅಂದಾಗ ಸ್ಟುಡಿಯೊ ಇಲ್ಲ ಅಂದಿತು.

ಸಮಯ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಜಾರ್ಜ್ ಮಿಲ್ಲರ್ ಮ್ಯಾಡ್ ಮ್ಯಾಕ್ಸ್‌ನ ನಾಲ್ಕನೆಯ ಭಾಗವನ್ನು ಮೂರನೆಯದು ಬಂದು 30 ವರ್ಷವಾದ ಮೇಲೆ, 2015ರಲ್ಲಿ ಕೊಟ್ಟರು. ಮೊದಲೊಮ್ಮೆ ನಿಂತುಹೋದ ಕೆಲಸ ಅದು. ಕಥೆಯನ್ನು ಸುಮಾರು 3,500 ಚಿತ್ರಗಳಲ್ಲಿ ಬಿಡಿಸಿಟ್ಟಿದ್ದರು. ಆರು ಆಸ್ಕರ್ ಬಂತು, ಆ್ಯಕ್ಷನ್ ಸಿನಿಮಾಗಳಲ್ಲಿ ಅದಕ್ಕೆ ಸರಿಸಾಟಿ ಕಡಿಮೆ. ಗಳಿಕೆ 38 ಕೋಟಿ ಡಾಲರ್, ಖರ್ಚಿನ ಮುಂದೆ ದೊಡ್ಡದಲ್ಲ. ಅದರ ಹಿಂದಿನ ಕಥೆ ಹೇಳುವ ಸಿನಿಮಾ 2024ರಲ್ಲಿ ಬಂದು ಸೋತಿತು. ಇದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ. ಆದರೆ ಸ್ಟುಡಿಯೊದಲ್ಲಿ ಕೂತವರು ಈ ಎರಡು ಸಿನಿಮಾಗಳ ಗಳಿಕೆಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಪಾಠ ಕಲಿಯುತ್ತಾರೆ ಹೇಳಿ. ಇಲ್ಲಿ ನಮ್ಮ ಪಾಲೂ ಇದೆ.

ಅಂದರೆ ನಿಮ್ಮ ಕೊನೆಯ ಪ್ರಶ್ನೆಗೆ ಬಂದೆವು. ಒಂದು ಸಿನಿಮಾ 100 ಕೋಟಿ ಡಾಲರ್ ಗಳಿಸಿತು ಅಂದರೆ, ಟಿಕೆಟ್‌ಗೆ ಸರಾಸರಿ ಹತ್ತು ಡಾಲರ್ ಹಿಡಿದರೂ ಹತ್ತು ಕೋಟಿ ಟಿಕೆಟ್. ಜಾಲತಾಣದಲ್ಲಿ ಜಗಳವಾಡುವವರು ಅದರಲ್ಲಿ ಹನಿಯಷ್ಟು. ಸ್ಟುಡಿಯೊ ನಿಜವಾಗಿ ಓದುವುದು ಮೊದಲ ವಾರದ ಲೆಕ್ಕ, ಎರಡನೆಯ ವಾರ ಎಷ್ಟು ಕುಸಿಯಿತು ಅನ್ನುವ ಲೆಕ್ಕ. ಹಾಗಾಗಿ ಮೊದಲ ದಿನದ ಟಿಕೆಟನ್ನು ಸುಮ್ನೆ ಹೆಸರು ನೋಡಿ ಕೊಳ್ಳಬೇಡಿ. ಒಂದು ವಾರ ಕಾಯಿರಿ. ಚೆನ್ನಾಗಿದೆ ಅಂತ ನಂಬುವವರು ಹೇಳಿದರೆ ಎರಡನೆಯ ವಾರ ಹೋಗಿ, ಬೇಕಾದರೆ ಎರಡು ಸಲ ನೋಡಿ. ಆ ಎರಡನೆಯ ವಾರದ ಟಿಕೆಟ್ ನಿರ್ದೇಶಕನ ಪರವಾಗಿ ಬಿದ್ದ ಮತ. ಮೊದಲ ದಿನದ್ದು ಹೆಚ್ಚಾಗಿ ಪೋಸ್ಟರ್‌ಗೆ ಬಿದ್ದದ್ದು.

ಬರೆಯುವುದಾದರೆ ಎಲ್ಲಿ ನೋವಾಯಿತು ಅನ್ನುವುದನ್ನು ವಿವರವಾಗಿ ಬರೆಯಿರಿ. ಈ ಪಾತ್ರ ಹೀಗೆ ನಡೆದುಕೊಳ್ಳುವವಳಲ್ಲ, ಯಾಕೆಂದರೆ ಹಿಂದಿನ ಭಾಗದಲ್ಲಿ ಹೀಗೆ ಮಾಡಿದ್ದಳು ಅಂತ. ಅಂಥ ಮಾತು ಬರಹಗಾರರಿಗೆ ಉಪಯೋಗಕ್ಕೆ ಬರುತ್ತದೆ. ಮುಂದಿನ ಕಥೆ ಬರೆದುಕೊಡಬೇಡಿ. ನಟರ ಹೆಸರು ಹಿಡಿದು ಸಿಟ್ಟು ತೀರಿಸಿಕೊಳ್ಳುವವರನ್ನು ಕಂಡರೆ ಎದುರು ಮಾತಾಡಿ. ನಿಮ್ಮಂಥ ಹಳೆಯ ಅಭಿಮಾನಿ ಹೇಳಿದರೆ ಅದಕ್ಕೆ ತೂಕ ಜಾಸ್ತಿ.

ಹೊಸ ಭಾಗ ಘೋಷಣೆಯಾದಾಗ ಏನನ್ನು ನೋಡಬೇಕು ಅಂತ ಕೇಳಿದರೆ ನಾನು ಟ್ರೈಲರ್ ನೋಡಿ ಅನ್ನುವುದಿಲ್ಲ. ಬರೆದವರ ಹೆಸರು ಮೊದಲು ಬಂತೋ, ಬಿಡುಗಡೆಯ ದಿನ ಮೊದಲು ಬಂತೋ ನೋಡಿ. ಚಿತ್ರೀಕರಣ ಶುರುವಾದ ಮೇಲೆ ನಿರ್ದೇಶಕ ಬದಲಾದರೂ ದಿನ ಬದಲಾಗದಿದ್ದರೆ ಎಚ್ಚರವಾಗಿರಿ. ಮುಂದೂಡಿದ್ದಾರೆ ಅಂತ ಸುದ್ದಿ ಬಂದರೆ ಬೇಸರ ಮಾಡಿಕೊಳ್ಳಬೇಡಿ, ಎಷ್ಟೋ ಸಲ ಅದು ಒಳ್ಳೆಯ ಸುದ್ದಿಯೇ.

ಈ ಅಳತೆಯನ್ನು ಹಿಡಿದು ನಾನೀಗ ಜೇಮ್ಸ್ ಬಾಂಡ್ ಕಡೆ ನೋಡುತ್ತಿದ್ದೇನೆ. 1962ರಿಂದ ಆ ಸರಣಿ ಒಂದೇ ಕುಟುಂಬದ ಹಿಡಿತದಲ್ಲಿತ್ತು. ದುಡ್ಡು ಮಾಡುವುದರಲ್ಲಿ ಅವರೇನೂ ಹಿಂದೆ ಬಿದ್ದವರಲ್ಲ, ಆದರೆ ಇತ್ತೀಚಿನ ಭಾಗಗಳ ನಡುವೆ ಸಮಯ ತೆಗೆದುಕೊಳ್ಳುತ್ತಿದ್ದರು. ಕೊನೆಯ ಎರಡು ಸಿನಿಮಾಗಳ ನಡುವೆ ಆರು ವರ್ಷ ಹೋಯಿತು, ಅದರಲ್ಲಿ ಒಂದೂವರೆ ವರ್ಷ ಕೊರೊನಾದ್ದು. 2025ರ ಫೆಬ್ರವರಿಯಲ್ಲಿ ಆ ಹಿಡಿತ ಅಮೆಜಾನ್ ಕೈಗೆ ಹೋಯಿತು. ಒಟಿಟಿಯ ಹಸಿವು ಇಲ್ಲಿಗೂ ಬರುತ್ತದೆ ಅನ್ನುವ ಭಯ ನನಗೂ ಇದೆ. ಜೂನ್‌ನಲ್ಲಿ ಮುಂದಿನ ಸಿನಿಮಾಕ್ಕೆ ಡೆನಿ ವಿಲ್‌ನವ್ ನಿರ್ದೇಶಕ ಅಂತ ಹೇಳಿದರು. ನಿರ್ದೇಶಕರ ಹೆಸರು ಹೇಳಿದರು, ಬಿಡುಗಡೆಯ ದಿನ ಹೇಳಲಿಲ್ಲ. ಸದ್ಯಕ್ಕೆ ಅಷ್ಟು ಸಾಕು ನನಗೆ. ಆ ಟಿಕೆಟ್‌ಗೆ ಮಾತ್ರ ನಾನು ಒಂದು ವಾರ ಕಾಯುವುದಿಲ್ಲ.